ಫ್ರೇಡಾಳ ಮಣ್ಣಿಗೆ ಬಂದವರು

ನಮ್ಮ ಯೆಹೂದಿಗಳ ಪೈಕಿ ಯಾರು ಸತ್ತರೂ ಸ್ಮಶಾನದ ಗೇಟಿನ ಹೊರಗೆ ಇಬ್ಬರು ಉಳಿಯುತ್ತಿದ್ದೆವು: ದೋನ್ ಮೈಮೋನ್ ಕೊಹೆನ್ ಮತ್ತು ನಾನು. ಉಳಿದ ಹೆಂಗಸರು ಹೆಣ ಮನೆಯಿಂದ ಹೊರಟ ಕೂಡಲೇ ಅಡುಗೆಮನೆ ಸೇರಿಕೊಳ್ಳುತ್ತಿದ್ದರು. ನನಗೆ ಹಾಗೆ ಅರ್ಧಕ್ಕೆ ಬಿಟ್ಟುಬರುವುದು ಒಗ್ಗುತ್ತಿರಲಿಲ್ಲ. ನಮ್ಮ ಹೆಂಗಸರು ಸತ್ತರೆ ನೀರು ಹಾಕಿ, ಬಿಳಿ ಬಟ್ಟೆ ಉಡಿಸಿ ಕಳಿಸುತ್ತಿದ್ದವಳು ನಾನು; ಗೇಟಿನವರೆಗಾದರೂ ಹೋಗದಿದ್ದರೆ ಹೇಗೆ? ಅದರಾಚೆ ಹೆಂಗಸರು ಕಾಲಿಡುವ ಪದ್ಧತಿ ನಮ್ಮಲ್ಲಿಲ್ಲ. ದೋನ್ ಮೈಮೋನ್ ಒಳಗೆ ಹೋಗುವಂತಿರಲಿಲ್ಲ, ಏಕೆಂದರೆ ಅವರು ಕೊಹೆನ್, ಹಳೆಯ ದೇವಾಲಯದ ಅರ್ಚಕರ ವಂಶದವರು. ಆ ದೇವಾಲಯ ಬಿದ್ದು ಎರಡು ಸಾವಿರ ವರ್ಷವಾಯಿತು, ಅರ್ಚಕರ ಮಡಿ ಮಾತ್ರ ಬಿದ್ದಿಲ್ಲ. ಹೆತ್ತವರು, ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಇವರನ್ನು ಬಿಟ್ಟರೆ ಬೇರಾವ ಹೆಣದ ಹತ್ತಿರವೂ ಕೊಹೆನ್ ಸುಳಿಯಬಾರದು, ಗೋರಿಗಳ ನಡುವೆ ಓಡಾಡಬಾರದು. ಅವರ ಹೆತ್ತವರು ಸಮುದ್ರದಾಚೆ ಮೊರಾಕ್ಕೋದ ತೆತುವಾನಿನಲ್ಲಿ ಮಣ್ಣಾಗಿದ್ದರು, ಹೆಂಡತಿ ರಾಜಧಾನಿ ಕರಾಕಾಸಿನಲ್ಲಿ. ಮಕ್ಕಳಿರಲಿಲ್ಲ.

ತಮಾಷೆಯೆಂದರೆ ಆ ಸ್ಮಶಾನ ಕಟ್ಟಿಸಿದವರೇ ಅವರು. ಊರಾಚೆ ಸಮುದ್ರದ ಕಡೆಗೆ ಜಾಗ ಕೊಂಡು, ಎಲ್ಲರ ಬಾಗಿಲಿಗೂ ಹೋಗಿ ಚಂದಾ ಎತ್ತಿ, ಸಾಲದೆ ಬಂದದ್ದನ್ನು ತಾವೇ ತುಂಬಿ ಸುತ್ತ ಗೋಡೆ ಎಬ್ಬಿಸಿದ್ದರು. ಒಳಗೆ ಒಂದು ದಿನವೂ ಹೋಗಿರಲಿಲ್ಲ.

"ಒಳಗೆ ಹೇಗಿದೆಯಂತೆ ಮೆಸೋದಾ? ಗಿಡ ಚಿಗುರಿದಾವಾ?" ಎಂದು ಪ್ರತಿ ಸಲವೂ ನನ್ನನ್ನು ಕೇಳುವರು.

"ನಾನೇನು ಕಂಡಿದೀನಾ ದೋನ್ ಮೈಮೋನ್? ಸತ್ತ ಮೇಲೆ ಇಬ್ರೂ ಪುರಸತ್ತಾಗಿ ನೋಡೋಣ ಬಿಡಿ."

"ನಿನ್ನ ಬಾಯಿ ನೋಡಿದ್ರೆ ಅಲ್ಲಿ ಮಲಗಿರೋರೂ ಎದ್ದು ಓಡ್ತಾರೆ."

ಹೀಗೆ ಗೇಟಿನ ಹೊರಗೆ, ಬಿಸಿಲಿನಲ್ಲಿ, ನಮ್ಮ ಗೆಳೆತನ ಬೆಳೆಯಿತು. ನಮ್ಮ ಬಂದರೂರಾದ ಪುಯೆರ್ತೋ ಅನ್ಸೆಲ್ಮೋದಲ್ಲಿ ಅವರನ್ನು ಗೊತ್ತಿಲ್ಲದವರು ಇರಲಿಲ್ಲ; ದೋನ್ ಎಂದು ಮರ್ಯಾದೆಯಿಂದ ಕರೆಯದವರೂ ಇರಲಿಲ್ಲ. ಕೋಕೋ ವ್ಯಾಪಾರದಲ್ಲಿ ದುಡಿದದ್ದನ್ನು ಅವರು ಹೀಗೆ ಹಂಚಿದರು: ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ, ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡು, ಬಿರುಗಾಳಿಗೆ ಹಾರಿಹೋದ ಪಾದ್ರಿ ಎಲಾದಿಯೋ ಅವರ ಚರ್ಚಿನ ಚಾವಣಿ. ನಮ್ಮ ಸಮಾಜಕ್ಕೆ ಅಧ್ಯಕ್ಷರೂ ಅವರೇ. ವರ್ಷಕ್ಕೊಮ್ಮೆ ಅವರ ಮನೆಯಲ್ಲಿ ಸ್ನೇಹದೂಟ ನಡೆಯುತ್ತಿತ್ತು. ಮೇಜಿನ ಒಂದು ತುದಿಗೆ ಪಾದ್ರಿ, ಇನ್ನೊಂದು ತುದಿಗೆ ಜವಳಿ ಅಂಗಡಿಯ ನಾಯೆಫ್ ಸಫಾದಿ, ನಡುವೆ ನಾವು. ನಾಯೆಫ್ ಲೆಬನಾನಿನ ಮುಸಲ್ಮಾನ. ನಮ್ಮೂರಲ್ಲಿ ಆ ಕಡೆಯವರನ್ನೆಲ್ಲ ತುರ್ಕರು ಎನ್ನುವುದು ರೂಢಿ. ಮೂರು ಧರ್ಮಕ್ಕೂ ಒಗ್ಗುವುದು ಮೀನು ಒಂದೇ ಆದ್ದರಿಂದ ಪ್ರತಿ ವರ್ಷವೂ ಮೀನೇ. ದೋನ್ ಮೈಮೋನ್ ಎದ್ದು ನಿಂತು, ಒಬ್ಬರನ್ನೊಬ್ಬರು ಸಹಿಸಿಕೊಂಡರೆ ಸಾಲದು, ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣಬೇಕು ಎಂದು ಭಾಷಣ ಮಾಡುವರು. ಮೀನು ಆರಿಹೋಗುತ್ತಿತ್ತು. ಆದರೂ ಊರು ಆ ಮಾತನ್ನು ನಂಬಿತು, ಏಕೆಂದರೆ ಅವರು ಹೇಳಿದಂತೆ ನಡೆದುಕೊಳ್ಳುತ್ತಿದ್ದರು. ನಾಯೆಫ್ ಮತ್ತು ಅವರು ಸಂಜೆಯಾದರೆ ಜಗಲಿಯಲ್ಲಿ ಕೂತು ದೊಮಿನೊ ಆಡುತ್ತಾ, ಒಬ್ಬರ ಮೇಲೊಬ್ಬರು ಕಳ್ಳಾಟದ ಆರೋಪ ಹೊರಿಸುತ್ತಾ ಮುದುಕರಾದರು.

ಆ ನಾಯೆಫ್ ಹೋದ ವರ್ಷ ತೀರಿಕೊಂಡರು. ಊರಿನ ದೊಡ್ಡ ಸ್ಮಶಾನದಲ್ಲಿ ಮುಸಲ್ಮಾನರಿಗೆಂದು ಒಂದು ಮೂಲೆ ಇದೆ. ಪುರಸಭೆಯವರ ಕೈಕಾಲು ಹಿಡಿದು ಆ ಮೂಲೆ ಕೊಡಿಸಿದ್ದೂ ದೋನ್ ಮೈಮೋನ್ ಅವರೇ. ಹೆಣದ ಹಿಂದೆ ಇಡೀ ಊರು ನಡೆಯಿತು. ಪಾದ್ರಿ ಬಂದರು, ಮೀನುಗಾರರು ಬಂದರು, ಬಂದರಿನ ಅಧಿಕಾರಿ ಬಂದ. ಗೇಟು ಬಂದಾಗ ದೋನ್ ಮೈಮೋನ್ ನಿಂತುಬಿಟ್ಟರು. ಎಲ್ಲರೂ ಒಳಗೆ ಹೋದರು, ಅವರು ರಸ್ತೆಯಲ್ಲಿ ಬಿಸಿಲಿಗೆ ಒಬ್ಬರೇ ನಿಂತರು.

ನಾಯೆಫ್ ಅವರ ಮಗ ಮುನೀರ್ ಅದನ್ನು ನೋಡಿದ. ಮರುದಿನ ನನ್ನ ಹೊಲಿಗೆ ಅಂಗಡಿಗೆ ಬಂದು ಕುದಿಯುತ್ತಾ ನಿಂತ.

"ನಮ್ಮಪ್ಪನ ಕೈಲಿ ಕಾಫಿ ಕುಡಿಯೋಕೆ ಬರ್ತಿತ್ತು ಆ ಮನುಷ್ಯನಿಗೆ, ಮಣ್ಣಿಗೆ ಬರೋಕೆ ಆಗ್ಲಿಲ್ವಾ ಅತ್ತೆ?"

"ಅವರು ಕೊಹೆನ್ ಕಣಪ್ಪ. ನಮ್ಮವರ ಮಣ್ಣಿಗೂ ಒಳಗೆ ಬರಲ್ಲ ಅವರು."

"ಯಾಕೆ?"

ನಿನ್ನ ಅಪ್ಪನ ಗೋರಿ ಅವರಿಗೆ ಮೈಲಿಗೆ ಎಂದು ಮಗನ ಮುಖಕ್ಕೆ ಹೇಗೆ ಹೇಳಲಿ? ದೋನ್ ಮೈಮೋನ್ ಅವರಿಗೂ ಬಂದ ಕಷ್ಟ ಅದೇ. ವಿವರಿಸಿದಷ್ಟೂ ಬೈಗುಳವಾಗುವ ಮಾತು ಅದು. ಅವರು ವಿವರಿಸಲು ಹೋಗಲಿಲ್ಲ, ಮುನೀರ್ ಸ್ನೇಹದೂಟಕ್ಕೆ ಬರಲಿಲ್ಲ. ಊರಿನವರು, ದೊಡ್ಡವರ ಸಹನೆಯೆಲ್ಲ ಮೀನು ಇರುವವರೆಗೆ ಮಾತ್ರ ಎಂದು ಆಡಿಕೊಂಡರು. ಆ ವರ್ಷ ದೋನ್ ಮೈಮೋನ್ ಭಾಷಣ ಮಾಡದೆ ಕೂತುಬಿಟ್ಟರು. ನನಗೆ ಅವರನ್ನು ಕಂಡು ಅಯ್ಯೋ ಎನಿಸಿತು.

ಇನ್ನು ಫ್ರೇಡಾಳ ವಿಷಯ.

ಅವಳೂ ನಮ್ಮವಳೇ, ಯೆಹೂದಿ. ಆದರೆ ನಮ್ಮ ಹಾಗೆ ಮೊರಾಕ್ಕೋ ಕಡೆಯವಳಲ್ಲ, ಪೋಲೆಂಡಿನವಳು. ಎಳೆಯ ವಯಸ್ಸಿನಲ್ಲಿ ಮದುವೆಯ ಆಸೆ ತೋರಿಸಿ ಯಾವನೋ ಹಡಗು ಹತ್ತಿಸಿದ; ಇಳಿದದ್ದು ಬಂದರಿನ ಸೂಳೆಮನೆಯಲ್ಲಿ. ಆ ಮನೆ ಮುಚ್ಚಿದ ಮೇಲೆ ಒಂದು ಕೋಣೆ ಹಿಡಿದು, ನನ್ನ ಅಂಗಡಿಗೆ ಅಂಗಿಗಳ ಕಾಜ ಹೊಲಿದುಕೊಡುತ್ತಾ ಮುದುಕಿಯಾದಳು. ಸ್ಮಶಾನದ ಗೋಡೆ ಎದ್ದಾಗಲೇ ಸಮಾಜದವರು ಒಂದು ನಿಯಮ ಮಾಡಿದ್ದರು: ಆ ಕಸುಬಿನವರಿಗೆ ಪ್ರಾರ್ಥನಾ ಮಂದಿರದಲ್ಲಿ ಜಾಗವಿಲ್ಲ, ಸ್ಮಶಾನದಲ್ಲಿಯೂ ಇಲ್ಲ. ಉಪವಾಸದ ದೊಡ್ಡ ದಿನ ಫ್ರೇಡಾ ಮಂದಿರದ ಹೊರಗೆ ಬೀದಿಯಲ್ಲಿ, ಕಿಟಕಿಯ ಕೆಳಗೆ, ಸಂಜೆಯವರೆಗೆ ನಿಂತಿರುತ್ತಿದ್ದಳು. ಪಾಸ್ಕ ಹಬ್ಬಕ್ಕೆ ದೋನ್ ಮೈಮೋನ್ ನನ್ನ ಕೈಯಲ್ಲಿ ಅವಳಿಗೆ ಹುಳಿಯಿಲ್ಲದ ರೊಟ್ಟಿ ಕಳಿಸುವರು. ರೊಟ್ಟಿ ಕಳಿಸಿದರು, ಜಾಗ ಕೊಡಲಿಲ್ಲ. ನಾನು ಅದನ್ನು ಅವರ ಮುಖಕ್ಕೇ ಹೇಳಿದ್ದೆ.

"ಪಾದ್ರಿನ ಮೇಜಿಗೆ ಕರೀತೀರಿ, ತುರ್ಕರನ್ನ ಕರೀತೀರಿ. ಇವಳೇನು ಮಾಡಿದ್ಲು?"

"ಹೊರಗಿನೋರನ್ನ ಒಪ್ಪಿಸಬಹುದು ಮೆಸೋದಾ. ನಮ್ಮೋರನ್ನ ಒಪ್ಪಿಸೋದು ಕಷ್ಟ" ಎಂದು ಅವರು ಸೋತ ಮುಖ ಮಾಡಿದ್ದರು.

ಫ್ರೇಡಾಗೆ ಒಂದೇ ಚಿಂತೆ. ಕಾಜ ಹೊಲಿಯುತ್ತಾ ತನ್ನ ಮುರುಕು ಭಾಷೆಯಲ್ಲಿ ಕೇಳುವಳು: "ನನ್ನ ಎಲ್ಲಿ ಹಾಕೋದು ಮೆಸೋದಾ? ಪಾದ್ರಿ ಹತ್ರ ಬೇಡ. ನಾನು ಅಲ್ಲಿ ಭಾಷೆ ಬರಲ್ಲ."

"ಸುಮ್ನೆ ಹೊಲಿ. ನಿನಗಿಂತ ಮುಂಚೆ ನಾನೇ ಹೋಗ್ತೀನಿ."

ಅವಳೇ ಮುಂಚೆ ಹೋದಳು, ಒಂದು ಶುಕ್ರವಾರ ಬೆಳಿಗ್ಗೆ. ಈ ಸೆಖೆಯಲ್ಲಿ ಹೆಣ ಇಟ್ಟುಕೊಳ್ಳುವಂತಿಲ್ಲ. ಸಂಜೆ ಸೂರ್ಯ ಮುಳುಗಿದರೆ, ಯಾವ ಕೆಲಸವನ್ನೂ ಮಾಡಬಾರದ ಸಬ್ಬತ್ ದಿನ ಶುರು. ಆಮೇಲೆ ಮಣ್ಣು ಮಾಡುವಂತೆಯೂ ಇಲ್ಲ. ಏನಾದರೂ ಅಷ್ಟರೊಳಗೆ ಆಗಬೇಕಿತ್ತು, ಇಲ್ಲದಿದ್ದರೆ ಪುರಸಭೆಯ ಗಾಡಿ ಬಂದು ದಿಕ್ಕಿಲ್ಲದವರ ಸುಣ್ಣದ ಗುಂಡಿಗೆ ಹಾಕುತ್ತಿತ್ತು. ನೀರು ಹಾಕಲು ನಮ್ಮ ಹೆಂಗಸರನ್ನು ಕರೆದೆ. ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ಸಬ್ಬತ್ತಿನ ಅಡುಗೆ. ಕೊನೆಗೆ ನನ್ನ ಸೊಸೆಯನ್ನು ಗದರಿಸಿ ಎಳೆದುಕೊಂಡು ಹೋದೆ. ಅವಳು ಅಳುತ್ತಲೇ ನೀರು ಸುರಿದಳು, ಆದರೆ ಕೈ ಒಳ್ಳೆಯದು. ಇಬ್ಬರೂ ಸೇರಿ ಫ್ರೇಡಾಗೆ ಉಡಿಸಿ ಮುಗಿಸಿದಾಗ ಅವಳು ಎಲ್ಲರ ಅಜ್ಜಿಯರ ಹಾಗೆಯೇ ಕಂಡಳು.

ಮಂದಿರದ ಅಂಗಳದಲ್ಲಿ ಗಂಡಸರು ಸೇರಿದ್ದರು. ಪಾದ್ರಿ ಎಲಾದಿಯೋ ಕೂಡ ಅಲ್ಲಿಗೆ ಓಡಿಬಂದಿದ್ದರು.

"ಮೈಮೋನ್, ನನಗೆ ಕೊಟ್ಬಿಡು ಅವಳನ್ನ. ಕೊನೇ ಉಸಿರಲ್ಲಿ ನಾನೇ ನಮ್ಮ ಧರ್ಮದ ದೀಕ್ಷೆ ಕೊಟ್ಟೆ ಅಂತ ಹೇಳ್ತೀನಿ. ಸಣ್ಣ ಸುಳ್ಳು. ದೇವರು ನೋಡ್ಕೋತಾನೆ."

"ನಿನ್ನ ಜತೆ ಇಷ್ಟು ವರ್ಷ ಉಂಡಿದ್ದು ನಮ್ಮ ಸತ್ತೋರನ್ನ ನಿನ್ನ ತಲೆಗೆ ಕಟ್ಟೋಕಲ್ಲ ಎಲಾದಿಯೋ" ಎಂದು ದೋನ್ ಮೈಮೋನ್ ಪಾದ್ರಿಯ ಭುಜ ತಟ್ಟಿದರು. ನಂತರ ಸಾದಿಯಾ ಬೆನೊಲಿಯೆಲ್ ಕಡೆ ತಿರುಗಿದರು.

ಸಾದಿಯಾ ನಮ್ಮ ಮಣ್ಣು ಮಾಡುವ ಸಂಘದ ಮುಖ್ಯಸ್ಥ. ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದರು. ಕೆಟ್ಟ ಮನುಷ್ಯ ಎನ್ನಲಾರೆ. ಬಡವರು ಸತ್ತಾಗ ಅಂಗಡಿ ಮುಚ್ಚಿ ಬಂದು ತಾವೇ ಗುಂಡಿ ತೋಡುತ್ತಿದ್ದರು. ಆ ಸ್ಮಶಾನದ ಮಣ್ಣು ಅವರಿಗೆ ತಮ್ಮ ಅಂಗೈಯಷ್ಟು ಪರಿಚಯ. ಆದರೆ ಶುದ್ಧ ಅಂದರೆ ಶುದ್ಧ, ಕೊಳಕು ಅಂದರೆ ಕೊಳಕು. ನಡುವೆ ಅವರಿಗೆ ಏನೂ ಕಾಣುತ್ತಿರಲಿಲ್ಲ.

"ಆಗಲ್ಲ ದೋನ್ ಮೈಮೋನ್" ಅಂದರು. "ನಮ್ಮಮ್ಮ ಮಲಗಿದಾರೆ ಅಲ್ಲಿ. ಒಳ್ಳೇ ಜನರ ಮಧ್ಯೆ ಮಲಗಿಸ್ತೀನಿ ಅಂತ ಮಾತು ಕೊಟ್ಟಿದೀನಿ. ಬಂದರಿನ ಹೆಂಗಸನ್ನ ತಂದು ಅವರ ಪಕ್ಕ ಹಾಕ್ಲಾ?"

"ಪಕ್ಕ ಬೇಡ. ಒಂದು ಮೂಲೆ ಸಾಕು."

"ನಿಯಮ ಮಾಡಿದಾಗ ಅಧ್ಯಕ್ಷರ ಕುರ್ಚಿಲಿ ನೀವೇ ಕೂತಿದ್ರಿ."

"ಕೂತಿದ್ದೆ. ಎಲ್ಲರೂ ಕೈಬಿಚ್ಚಿ ಕೊಡ್ಲಿ, ಗೋಡೆ ಏಳ್ಲಿ ಅಂತ ಬಾಯಿ ಮುಚ್ಕೊಂಡೆ. ನಾಚಿಕೆಯಾಗುತ್ತೆ ಈಗ." ಅವರು ಮತ್ತೆ ಕೇಳಿದರು: "ನಿಮ್ಮ ಸಂಘ ಫ್ರೇಡಾನ ಮಣ್ಣು ಮಾಡಲ್ಲ?"

"ಇಲ್ಲ."

ಅವರು ಅಂಗಳದಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಾ ಹೋದರು. ಒಬ್ಬ ಸೊಂಟ ಹಿಡಿದುಕೊಂಡ. ಒಬ್ಬ ಸಾದಿಯಾ ಮುಖ ನೋಡಿದ. ನನ್ನ ಮಗ ಯುದಾ ತನ್ನ ಬೂಟು ನೋಡುತ್ತಾ ನಿಂತ. ಆ ಬೂಟು ಕೊಡಿಸಿದವಳು ನಾನು. ಕಿತ್ತು ಅದರಲ್ಲೇ ಬಾರಿಸೋಣ ಎನಿಸಿತು.

"ಅಂದ್ರೆ ಇವಳಿಗೆ ಯಾರೂ ಇಲ್ಲ" ಎಂದರು ದೋನ್ ಮೈಮೋನ್.

"ಯಾರೂ ಇಲ್ಲ" ಎಂದು ಸಾದಿಯಾ ಕೈ ಕೊಡವಿದರು. ವಾದ ಮುಗಿಯಿತಲ್ಲ ಎಂಬ ನೆಮ್ಮದಿ ಅವರ ದನಿಯಲ್ಲಿತ್ತು.

"ಎಲ್ಲರೂ ಕೇಳಿಸ್ಕೊಂಡ್ರಾ? ಸಂಘದ ಮುಖ್ಯಸ್ಥರೇ ಹೇಳ್ತಿದಾರೆ. ಯಾರೂ ಇಲ್ಲ." ದೋನ್ ಮೈಮೋನ್ ಟೋಪಿ ಹಾಕಿಕೊಂಡು ಹೊರಟೇಬಿಟ್ಟರು.

ಮಂದಿರದಲ್ಲಿ ಪ್ರಾರ್ಥನೆ ನಡೆಸುವ ಮುದುಕ ರಿಬ್ಬಿ ಮಕ್ಲೂಫ್ ಅಷ್ಟರವರೆಗೆ ತೂಕಡಿಸುತ್ತಿದ್ದವರು ಕಣ್ಣು ಬಿಟ್ಟರು.

"ಏನಂದ್ಬಿಟ್ರಿ ಸಾದಿಯಾ!"

"ಏನಂದೆ?"

"ಯಾರೂ ದಿಕ್ಕಿಲ್ಲದ ಹೆಣ ಎದುರಾದ್ರೆ, ಯಾರಿಗೆ ಎದುರಾಯ್ತೋ ಅವನೇ ಮಣ್ಣು ಮಾಡ್ಬೇಕು. ಕೊಹೆನ್ ಆದ್ರೂ ಸರಿ. ದೊಡ್ಡ ಅರ್ಚಕ ಪೂಜೆಗೆ ಹೋಗ್ತಿದ್ರೂ ಪೂಜೆ ಬಿಟ್ಟು ಬರ್ಬೇಕು. ಶಾಸ್ತ್ರ ಹಾಗೇ ಹೇಳುತ್ತೆ. ನಾವಿಷ್ಟು ಗಂಡಸರು ಇರೋವಾಗ ಯಾರೂ ಇಲ್ಲ ಅಂತ ನಿಮ್ಮ ಬಾಯಲ್ಲೇ ಹೇಳಿಸಿಕೊಂಡು ಹೋದ್ರಲ್ರೀ ಅವರು!"

ಸಾದಿಯಾ ಮುಖ ಕೆಂಪಾಯಿತು. ನನಗಂತೂ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು, ಸತ್ತವಳು ನನ್ನನ್ನು ಕ್ಷಮಿಸಲಿ.

ಮಧ್ಯಾಹ್ನ ಕತ್ತೆಗಾಡಿಯಲ್ಲಿ ಫ್ರೇಡಾ ಸ್ಮಶಾನಕ್ಕೆ ಬಂದಳು. ಗಾಡಿಯವನು ಮತ್ತು ದೋನ್ ಮೈಮೋನ್ ಅವರ ಅಡುಗೆಯಾಳು ಚಟ್ಟವನ್ನು ಇಳಿಸಿ ಗೇಟಿನ ಒಳಗೆ ಇಟ್ಟು, ಇವರ ಜಗಳ ನಮಗ್ಯಾಕೆ ಎಂಬಂತೆ ದೂರ ಸರಿದರು. ಗುಂಡಿ ತೋಡುವವನಿಗೆ ಬರಬೇಡ ಎಂದು ಸಂಘದಿಂದ ಮೊದಲೇ ಹೇಳಿಕಳಿಸಿದ್ದರು. ದೋನ್ ಮೈಮೋನ್ ಸಲಿಕೆ ಹಾರೆ ಹಿಡಿದುಕೊಂಡು ಬಂದು, ರೂಢಿಯಂತೆ ನನ್ನ ಪಕ್ಕ ಗೇಟಿನ ಹೊರಗೆ ನಿಂತರು. ಬೆವರುತ್ತಿದ್ದರು.

"ಹೆದರಿಕೆಯಾಗುತ್ತೆ ಮೆಸೋದಾ" ಎಂದರು ಮೆಲ್ಲಗೆ. "ನಮ್ಮಪ್ಪ ಚಿಕ್ಕಂದಿನಲ್ಲಿ ನನ್ನ ಹೊತ್ಕೊಂಡು ಸ್ಮಶಾನದ ಬೀದಿನೇ ಬಿಟ್ಟು ಸುತ್ತಿ ಹೋಗ್ತಿದ್ರು. ಈ ಕಾಲು ಒಳಗೆ ಇಡೋದು ಹೇಗೆ ಅಂತಾನೇ ಗೊತ್ತಿಲ್ಲ."

"ಬೇರೆಯವರ ಹಾಗೇ ಇಡಿ. ಒಂದಾದ ಮೇಲೆ ಒಂದು."

ಅವರು ನಕ್ಕರು, ಒಳಗೆ ಹೋದರು.

ತಾವೇ ಕಟ್ಟಿಸಿದ ಜಾಗದಲ್ಲಿ ದಾರಿ ತಿಳಿಯದ ನೆಂಟರಂತೆ ಅತ್ತಿತ್ತ ನೋಡಿದರು. ಗೋರಿಗಳಿಂದ ದೂರವಿರಬೇಕೆಂದೋ ಏನೋ, ಸಮುದ್ರದ ಕಡೆಯ ಖಾಲಿ ಮೂಲೆ ಹಿಡಿದರು. ಕೋಟು ಬಿಚ್ಚಿ ಗೋಡೆಯ ಮೇಲೆ ಹಾಕಿ ಅಗೆಯತೊಡಗಿದರು. ಎಪ್ಪತ್ತು ದಾಟಿದ ದೇಹ, ಸಲಿಕೆ ಹಿಡಿದು ಗೊತ್ತಿಲ್ಲದ ಕೈ. ಮರಳು ತೆಗೆದಷ್ಟೂ ಮತ್ತೆ ಜಾರಿ ಒಳಗೇ ಬೀಳುತ್ತಿತ್ತು. ನನಗೆ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ.

ಸುದ್ದಿ ಹಬ್ಬಿತು. ಸಾದಿಯಾ ಬಂದರು, ಅವರ ಹಿಂದೆ ಉಳಿದ ಗಂಡಸರು. ಎಲ್ಲರೂ ಗೇಟಿನ ಹೊರಗೇ ನಿಂತರು. ಕೊಹೆನ್ ಒಳಗೆ, ಸಮಾಜ ಹೊರಗೆ. ಸಾದಿಯಾ ಮಾತ್ರ ಆ ಮೂಲೆಯನ್ನೇ ನೋಡುತ್ತಾ ಚಡಪಡಿಸುತ್ತಿದ್ದರು.

"ಅಲ್ಲಿ ಯಾಕೆ ಅಗೀತಿದಾರೆ? ಅಲ್ಲಿ ಅಗೀಬಾರ್ದು" ಎಂದು ಗೊಣಗಿದರು.

"ಹೋಗಿ ಹೇಳಿ ಮತ್ತೆ" ಎಂದೆ. ಅವರು ಕದಲಲಿಲ್ಲ.

ಆಗ ರಸ್ತೆಯಲ್ಲಿ ಮುನೀರ್ ಸಫಾದಿ ಬಂದ. ಅಂಗಡಿಯಿಂದ ನೇರ ಓಡಿಬಂದಂತಿತ್ತು, ಅಳತೆಯ ಟೇಪು ಇನ್ನೂ ಕೊರಳಲ್ಲಿತ್ತು. ನಮ್ಮ ಯಾರ ಕಡೆಯೂ ನೋಡದೆ ಗೇಟು ನೂಕಿ ಒಳಗೆ ನುಗ್ಗಿದ.

"ದೋನ್ ಮೈಮೋನ್!" ಅವನ ಕೂಗು ಗೋಡೆಗೆ ಬಡಿದು ಬಂತು. "ನಮ್ಮಪ್ಪನಿಗೆ ಗೇಟು ದಾಟೋಕೆ ಆಗ್ಲಿಲ್ಲ ನಿಮಗೆ. ಸೂಳೆಗೆ ಆಯ್ತಾ?"

ದೋನ್ ಮೈಮೋನ್ ಸಲಿಕೆ ಊರಿ ನಿಂತರು. ಏದುಸಿರು ಬರುತ್ತಿತ್ತು.

"ನಿಮ್ಮಪ್ಪನ ಹಿಂದೆ ಇಡೀ ಊರಿತ್ತು ಮಗಾ. ನನ್ನ ಕೈ ಇಲ್ಲದಿದ್ರೂ ಅವನಿಗೆ ಮಣ್ಣು ಸಿಗ್ತಿತ್ತು. ಹಾಗಿದ್ದಾಗ ನಾನು ಒಳಗೆ ಬರೋ ಹಾಗಿಲ್ಲ. ಅದು ನನ್ನ ಮೈಮೇಲಿರೋ ಕಟ್ಟು, ನಿಮ್ಮಪ್ಪನ ಮೇಲಿನ ಅಸಡ್ಡೆ ಅಲ್ಲ. ಆ ದಿನ ಗೇಟಿನ ಹೊರಗೆ ನಿಂತು ಎಷ್ಟು ಸಂಕಟ ಪಟ್ಟೆ ಅಂತ ನಿನಗೆ ಹೇಗೆ ಹೇಳ್ಲಿ?"

"ಮತ್ತೆ ಇವಳಿಗೆ?"

"ಇವಳಿಗೆ ಯಾರೂ ಇಲ್ಲ. ಯಾರಾದ್ರೂ ಒಬ್ಬ ಬಂದಿದ್ರೆ ನಾನು ಒಳಗೆ ಬರೋ ಹಾಗೇ ಇರ್ಲಿಲ್ಲ."

ಮುನೀರ್ ಗೇಟಿನ ಕಡೆ ತಿರುಗಿ ನಮ್ಮ ಗಂಡಸರನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಚಟ್ಟದ ಮೇಲಿನ ಬಿಳಿ ಬಟ್ಟೆಯ ಸಣ್ಣ ಗಂಟನ್ನು ನೋಡಿದ. ಮತ್ತೆ ದೋನ್ ಮೈಮೋನ್ ಅವರ ಕೈ ನೋಡಿದ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು.

"ಕೊಡಿ ಇಲ್ಲಿ ದೊಡ್ಡಪ್ಪ" ಎಂದು ಸಲಿಕೆಗೆ ಕೈ ಚಾಚಿದ.

ದೋನ್ ಮೈಮೋನ್ ಸಲಿಕೆ ಕೊಟ್ಟರು. ಗೋಡೆಯ ಮೇಲಿನ ಕೋಟು ತೆಗೆದುಕೊಂಡು, ಕೊಡವಿ, ನಡೆದು ಗೇಟಿನ ಹೊರಗೆ ಬಂದುಬಿಟ್ಟರು.

ಸಾದಿಯಾ ಬೆಚ್ಚಿಬಿದ್ದರು. "ಯಾಕೆ ಬಂದ್ರಿ?"

"ಅವಳಿಗೆ ಒಬ್ಬ ಸಿಕ್ಕಿದಾನೆ. ಇನ್ನು ನಾನು ಒಳಗಿರೋ ಹಾಗಿಲ್ಲ."

"ಅವನು ತುರ್ಕ! ನಮ್ಮೋನಲ್ಲ. ಅವನು ಲೆಕ್ಕಕ್ಕಿಲ್ಲ!"

"ನನಗೆ ಲೆಕ್ಕ ಸಾದಿಯಾ. ಮನುಷ್ಯ ಬಂದಿದಾನೆ, ಸಲಿಕೆ ಹಿಡಿದಿದಾನೆ. ಯಾರೂ ಇಲ್ಲ ಅಂತ ನಾನು ಹೇಗೆ ಹೇಳ್ಲಿ? ಅವನು ಲೆಕ್ಕಕ್ಕಿಲ್ಲ ಅಂತ ನಿಮಗೆ ಅನ್ನಿಸಿದ್ರೆ, ಲೆಕ್ಕಕ್ಕೆ ಇರೋರು ಯಾರಾದ್ರೂ ಹೋಗಿ."

ರಿಬ್ಬಿ ಮಕ್ಲೂಫ್ ಗಡ್ಡ ನೀವಿಕೊಂಡು, ಶಾಸ್ತ್ರ ಹಾಗೆ ಹೇಳುವುದಿಲ್ಲ ಎನ್ನಲು ಬಾಯಿ ತೆರೆದರು. ನಾನು ಗುರಾಯಿಸಿದೆ. ಬಾಯಿ ಮುಚ್ಚಿಕೊಂಡರು.

ಮುನೀರ್ ಒಬ್ಬನೇ ಅಗೆಯುತ್ತಿದ್ದ. ಗಟ್ಟಿ ಆಳು, ಗುಂಡಿ ಬೇಗ ಇಳಿಯಿತು. ನಾವು ಗೇಟಿನಲ್ಲಿ ನಿಂತು ಒಬ್ಬ ಮುಸಲ್ಮಾನ ಒಬ್ಬ ಯೆಹೂದಿ ಹೆಂಗಸಿಗೆ ಯೆಹೂದಿ ನೆಲದಲ್ಲಿ ಗುಂಡಿ ತೋಡುವುದನ್ನು ನೋಡುತ್ತಿದ್ದೆವು. ಬಿಸಿಲು ಓರೆಯಾಗುತ್ತಾ ಬಂತು. ನಮ್ಮ ನಾಚಿಕೆಗೇಡನ್ನು ನಾವೇ ಇಷ್ಟು ಹೊತ್ತು ನಿಂತು ನೋಡಬಹುದು ಎಂದು ನನಗೆ ಅವತ್ತೇ ಗೊತ್ತಾದದ್ದು.

ಸ್ವಲ್ಪ ಹೊತ್ತಿಗೆ ಮುನೀರ್ ಗುಂಡಿಯೊಳಗಿಂದ ಕೂಗಿದ: "ಇಲ್ಲಿ ನೀರು ಬರ್ತಿದೆ!"

ಸಾದಿಯಾ ಹಣೆ ಬಡಿದುಕೊಂಡರು. "ಬರದೆ ಏನು ಮಾಡುತ್ತೆ? ಆ ಮೂಲೆಲಿ ಸಮುದ್ರದ ನೀರು ಜಿನುಗುತ್ತೆ ಅಂತ ಅಲ್ಲಿ ಯಾರನ್ನೂ ಹಾಕಿಲ್ಲ ನಾನು! ಉಬ್ಬರ ಬಂದ್ರೆ ಹೆಣ ತೇಲುತ್ತೆ!"

"ನನಗೇನು ಗೊತ್ತು? ನಾನು ಒಳಗೆ ಬಂದೋನೇ ಅಲ್ಲವಲ್ಲ" ಎಂದರು ದೋನ್ ಮೈಮೋನ್.

"ಹೆಣಾನ ನೀರಲ್ಲಿ ಇಡ್ತಾರೇನ್ರೀ ಯಾರಾದ್ರೂ?"

"ಇಟ್ಟಿಲ್ಲ ಇನ್ನೂ. ಸುಣ್ಣದ ಗುಂಡಿಗಿಂತ ವಾಸಿ ಅಂದ್ಕೊಂಡಿದ್ದೆ."

ಸಾದಿಯಾ ಗೇಟಿನ ಕಂಬಿ ಹಿಡಿದರು, ಬಿಟ್ಟರು. ಅವರ ತಾಯಿಗೆ ಕೊಟ್ಟ ಮಾತು ಅವರನ್ನು ಹೊರಗೆ ಹಿಡಿದಿತ್ತು. ಸತ್ತವರನ್ನು ಒಣ ನೆಲದಲ್ಲಿ, ನೆಟ್ಟಗೆ, ಗೌರವವಾಗಿ ಮಲಗಿಸುತ್ತಾ ಬಂದ ಅಷ್ಟು ವರ್ಷಗಳ ಕೆಲಸ ಒಳಗೆ ಎಳೆಯುತ್ತಿತ್ತು. ಬೈಯಬೇಕೆಂದು ತುಟಿಯವರೆಗೆ ಬಂದ ಮಾತನ್ನು ಆ ದಿನ ಮೊದಲ ಬಾರಿಗೆ ನುಂಗಿಕೊಂಡೆ.

"ಥೂ! ಮುಚ್ಚೋ ಅದನ್ನ!" ಎಂದು ಒಮ್ಮೆಲೇ ಅಬ್ಬರಿಸಿ ಸಾದಿಯಾ ಒಳಗೆ ನುಗ್ಗಿದರು. "ಗುಂಡಿ ತೋಡೋ ರೀತಿನಾ ಇದು? ಬಾ ಈ ಕಡೆ. ಇಲ್ಲಿ, ಈ ಸಾಲಲ್ಲಿ ಕಲ್ಲುಮಣ್ಣಿದೆ, ಗಟ್ಟಿ ನೆಲ. ಬಾದಾಮಿ ಮರದ ಬೇರು ಬಿಟ್ಟು ಅಗೀಬೇಕು."

ಅದು ಮೂಲೆಯಲ್ಲ. ಎಲ್ಲರೂ ಮಲಗಿದ್ದ ಸಾಲು.

"ಎಲ್ಲಿ ಅಗೀಲಿ ಹೇಳಿ, ಸಾಕು" ಎಂದ ಮುನೀರ್.

"ಹಾರೆ ನನಗೆ ಕೊಡು. ನೀನು ಮಣ್ಣು ಎತ್ತು."

ನಾನು ಯುದಾನ ಕಡೆ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ, ಆದರೆ ಬೂಟು ಕಳಚಿಟ್ಟು ಬರಿಗಾಲಲ್ಲಿ ಒಳಗೆ ಹೋದ. ಅವನ ಹಿಂದೆ ಸೊಂಟ ನೋವಿನವನೂ, ಉಳಿದವರೂ ಹೋದರು. ಆಮೇಲೆ ಹೊರಗೆ ಉಳಿದವರು, ಯಾವಾಗಿನಂತೆ, ದೋನ್ ಮೈಮೋನ್ ಮತ್ತು ನಾನು. ಅವರು ಬೊಬ್ಬೆ ಒಡೆದ ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತಿದ್ದರು.

ಫ್ರೇಡಾಳನ್ನು ಇಳಿಸಿದರು. ಮಣ್ಣು ಮುಚ್ಚಿದರು. ಇನ್ನು ಉಳಿದದ್ದು ಒಂದೇ ಶಾಸ್ತ್ರ. ಸಂಘದ ಮುಖ್ಯಸ್ಥ ತಲೆಯ ಕಡೆ ನಿಂತು, ಸತ್ತವರನ್ನು ಹೆಸರು ಹಿಡಿದು ಕರೆದು, ಎಲ್ಲರ ಪರವಾಗಿ ಕ್ಷಮೆ ಕೇಳಬೇಕು. ಬರೀ ಹೆಸರು ಸಾಲದು; ಇಂಥವಳ ಮಗಳು ಎಂದು ತಾಯಿಯ ಹೆಸರು ಸೇರಿಸಿ ಕರೆದರೇ ಅದು ಮುಟ್ಟುತ್ತದೆ ಎಂದು ನಮ್ಮ ನಂಬಿಕೆ.

ಸಾದಿಯಾ ಶುರು ಮಾಡಿ ನಿಲ್ಲಿಸಿದರು. ಗೇಟಿನ ಕಡೆ ತಿರುಗಿ ಕೂಗಿದರು: "ಮೆಸೋದಾ! ಅವಳ ತಾಯಿ ಹೆಸರೇನು?"

ನನಗೆ ಗೊತ್ತಿರಲಿಲ್ಲ. ದೋನ್ ಮೈಮೋನ್ ಕಡೆ ನೋಡಿದೆ. ಅವರೂ ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದರು. ಒಳಗೆ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ನಮ್ಮ ನಡುವೆ ಇದ್ದವಳು. ಅವಳಿಗೂ ಒಬ್ಬ ತಾಯಿ ಇದ್ದಿರಬೇಕು, ಹಡಗಿನ ದಾರಿ ಕಾಯುತ್ತಾ ಎಲ್ಲೋ ಕಣ್ಣು ಮುಚ್ಚಿರಬೇಕು ಎಂದು ಯಾರಿಗೂ ತೋಚಿರಲಿಲ್ಲ. ಯಾರೂ ಕೇಳಿರಲಿಲ್ಲ.

ಸೂರ್ಯ ಗೋಡೆಗೆ ಇಳಿದಿತ್ತು. ಸಾದಿಯಾ ಮಣ್ಣಿನ ರಾಶಿಯ ಎದುರು ತಲೆ ತಗ್ಗಿಸಿ ನಿಂತರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು.

"ಸಿಮ್ಹಾಳ ಮಗಳು ಫ್ರೇಡಾ, ನಿನ್ನ ವಿಷಯದಲ್ಲಿ ನಮ್ಮಿಂದ ತಪ್ಪಾಗಿದೆ. ನಿನ್ನ ಮರ್ಯಾದೆಗೆ ತಕ್ಕ ಹಾಗೆ ನಾವು ನಡ್ಕೊಂಡಿಲ್ಲ. ಕ್ಷಮಿಸು ತಾಯಿ."

ಯುದಾ ತಟ್ಟನೆ ತಲೆಯೆತ್ತಿದ. ಮುನೀರ್‌ಗೆ ಅರ್ಥವಾಗಲಿಲ್ಲ, ಅವನು ಸಲಿಕೆಯ ಮಣ್ಣು ಒರೆಸುತ್ತಿದ್ದ. ದೋನ್ ಮೈಮೋನ್ ನನ್ನ ಪಕ್ಕದಲ್ಲಿ ಆಮೆನ್ ಎನ್ನಲು ಹೋದರು, ದನಿ ಹೊರಡಲಿಲ್ಲ. ಅವರ ಬದಲು ನಾನೇ ಗಟ್ಟಿಯಾಗಿ ಆಮೆನ್ ಎಂದೆ, ಮತ್ತು ಅತ್ತುಬಿಟ್ಟೆ. ಸಿಮ್ಹಾ ಎಂಬುದು ಸಾದಿಯಾ ಅವರ ತಾಯಿಯ ಹೆಸರು.